ಧರ್ಮದಲ್ಲಿ ಅತ್ಯವಶ್ಯಕವಾದುದು ಯಾವುದು? : ನ್ಯಾಯಶಾಸ್ತ್ರಜ್ಞರ ಒಂದು ದೀರ್ಘ ಸಂವಾದ

ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ ಎಂಬ ಎಂಟು ಆವರಣಗಳಲ್ಲಿ ಯಾವುದು ಧರ್ಮಕ್ಕೆ ಅತ್ಯವಶ್ಯಕ, ಯಾವುದನ್ನು ಬಿಟ್ಟರೂ ಧರ್ಮಕ್ಕೆ ಚ್ಯುತಿಯಿಲ್ಲ ಎಂದು ಯಾರಾದರೂ ಕೇಳಿದರೆ ಶ್ರದ್ಧಾವಂತನಾದ ವೀರಶೈವನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸೀತು. ಮೊದಲಿನ ಮೂರು ಪೂಜ್ಯಗಳು, ನಡುವಣ ಮೂರು ಪೂಜಾಸಾಧನಗಳು, ಕೊನೆಯ ಎರಡು ಪೂಜೆಯ ಫಲಗಳು ಎಂದು ಬಲ್ಲವರು ವಿಭಾಗಿಸಿ ಹೇಳುವುದುಂಟು. ಆದರೆ ತಿಳಿವಳಿಕೆಗಾಗಿ ವಿಭಾಗಿಸುವುದು ಬೇರೆ, ಒಂದನ್ನು ಉಳಿಸಿಕೊಂಡು ಮತ್ತೊಂದನ್ನು ಹೊರಗೆ ಹಾಕುವುದು ಬೇರೆ. ಸಾಧನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಫಲವಿಲ್ಲ, ಫಲದ ಅಪೇಕ್ಷೆಯಿಲ್ಲದವನಿಗೂ ಪ್ರಸಾದವು ಬೇಕೇ ಬೇಕು. ಹೀಗಿರುವಾಗ ಅಳತೆಗೋಲು ಹಿಡಿದು ಇದು ಅವಶ್ಯ, ಅದು ಅನವಶ್ಯ ಎಂದು ಹೇಳಬಲ್ಲವರಾರು?

ವೀರಶೈವರ ಪಾಲಿಗೆ ಈ ಪ್ರಶ್ನೆ ಕಲ್ಪಿತವಾದುದೇ ಇರಬಹುದು. ಆದರೆ ಭಾರತದ ನ್ಯಾಯಾಲಯಗಳಲ್ಲಿ ಇದೇ ಬಗೆಯ ಪ್ರಶ್ನೆ ಒಂದಲ್ಲ ಒಂದು ಧರ್ಮವನ್ನು ಕುರಿತು ಎಪ್ಪತ್ತು ವರ್ಷಗಳಿಂದ ಕೇಳಿಬರುತ್ತಿದೆ. ‘ಅತ್ಯವಶ್ಯಕ ಧಾರ್ಮಿಕ ಆಚರಣೆ’ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ತತ್ತ್ವವನ್ನು ಕುರಿತು ಕಾನೂನಿನ ವಿದ್ವಾಂಸರು ಗ್ರಂಥಗಳಲ್ಲಿಯೂ ವಿಶ್ವವಿದ್ಯಾಲಯಗಳ ನಿಯತಕಾಲಿಕಗಳಲ್ಲಿಯೂ ನಡೆಸಿರುವ ಸಂವಾದವು ಬಹು ವಿಸ್ತಾರವಾದುದು. ಒಬ್ಬರ ಮಾತನ್ನು ಮತ್ತೊಬ್ಬರು ಎತ್ತಿಕೊಂಡು, ತಿದ್ದಿ, ಖಂಡಿಸಿ ಮುಂದುವರಿಸಿರುವ ಆ ಚರ್ಚೆಯ ಫಲವು ಈಚಿನ ವರ್ಷಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳೊಳಕ್ಕೂ ಪ್ರವೇಶಿಸಿದೆ. ಮಠಗಳ ಆಡಳಿತಕ್ಕೂ ಭಕ್ತರ ಹಕ್ಕುಗಳಿಗೂ ಇದು ನೇರವಾಗಿ ಸಂಬಂಧಿಸಿದ ವಿಷಯವಾದುದರಿಂದ ಅದರ ಸ್ವರೂಪವನ್ನು ತುಸು ವಿವರವಾಗಿ ಪರಿಶೀಲಿಸುವುದು ಉಚಿತ.

ಮೊದಲು ಸಂವಿಧಾನದ ಮಾತು. 25ನೆಯ ಅನುಚ್ಛೇದವು ಪ್ರತಿಯೊಬ್ಬ ವ್ಯಕ್ತಿಗೂ ಅಂತಃಕರಣದ ಸ್ವಾತಂತ್ರ್ಯವನ್ನೂ, ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ; ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಹಾಗೂ ಇತರ ಮೂಲಭೂತ ಹಕ್ಕುಗಳಿಗೆ ಆ ಹಕ್ಕು ಅಧೀನ. ಧರ್ಮದೊಡನೆ ಕೂಡಿಕೊಂಡಿರುವ ಆರ್ಥಿಕ ಮತ್ತು ಲೌಕಿಕ ವ್ಯವಹಾರಗಳನ್ನು ನಿಯಂತ್ರಿಸಲು, ಸಮಾಜ ಸುಧಾರಣೆಗಾಗಿ ಶಾಸನ ಮಾಡಲು, ಸಾರ್ವಜನಿಕ ಸ್ವರೂಪದ ಹಿಂದೂ ಸಂಸ್ಥೆಗಳನ್ನು ಎಲ್ಲ ವರ್ಗದ ಹಿಂದೂಗಳಿಗೂ ತೆರೆಯಲು ಸರ್ಕಾರಕ್ಕೆ ಅದೇ ಅನುಚ್ಛೇದವು ಅಧಿಕಾರ ನೀಡಿದೆ. 26ನೆಯ ಅನುಚ್ಛೇದವು ಧಾರ್ಮಿಕ ಪಂಗಡಗಳಿಗೆ ಸಂಬಂಧಿಸಿದುದು. ಸಂಸ್ಥೆಗಳನ್ನು ಸ್ಥಾಪಿಸುವ, ಧರ್ಮದ ವಿಷಯಗಳಲ್ಲಿ ತಮ್ಮ ವ್ಯವಹಾರಗಳನ್ನು ತಾವೇ ನಿರ್ವಹಿಸಿಕೊಳ್ಳುವ, ಆಸ್ತಿಯನ್ನು ಹೊಂದಿ ಕಾನೂನಿಗೆ ಅನುಸಾರವಾಗಿ ಅದರ ಆಡಳಿತ ನಡೆಸುವ ಹಕ್ಕುಗಳು ಅದರಲ್ಲಿ ಅಡಕವಾಗಿವೆ. ಈ ಎರಡು ಅನುಚ್ಛೇದಗಳಲ್ಲಿ ಎಲ್ಲಿಯೂ ‘ಅತ್ಯವಶ್ಯಕ’ ಎಂಬ ಪದವಿಲ್ಲ. ಮುಂದಿನ ಕಥೆಯೆಲ್ಲ ಇಲ್ಲದ ಈ ಪದವು ಎಲ್ಲಿಂದ ಬಂದಿತು, ಬಂದು ಏನು ಮಾಡಿತು ಎಂಬುದೇ ಆಗಿದೆ.

ಅದರ ಒಂದು ಮೂಲವನ್ನು ವಿದ್ವಾಂಸರು ಸಂವಿಧಾನ ರಚನಾಸಭೆಯಲ್ಲಿ ಗುರುತಿಸುತ್ತಾರೆ. 1948ರ ಡಿಸೆಂಬರ್ 2ರಂದು ಡಾ. ಅಂಬೇಡ್ಕರರು ವೈಯಕ್ತಿಕ ಕಾನೂನುಗಳನ್ನು ಕುರಿತ ಚರ್ಚೆಗೆ ಉತ್ತರ ಕೊಡುತ್ತ, ಈ ದೇಶದಲ್ಲಿ ಧರ್ಮದ ಕಲ್ಪನೆಯು ಹುಟ್ಟಿನಿಂದ ಸಾವಿನವರೆಗೆ ಬದುಕಿನ ಎಲ್ಲ ಮಗ್ಗುಲುಗಳನ್ನೂ ಆವರಿಸಿರುವುದನ್ನು ಎತ್ತಿ ತೋರಿದರು. ನಂಬಿಕೆಗಳನ್ನೂ ಸ್ವಭಾವತಃ ಧಾರ್ಮಿಕವಾದ ಕ್ರಿಯಾವಿಧಿಗಳನ್ನೂ ಮೀರಿ ಧರ್ಮದ ವ್ಯಾಖ್ಯೆಯನ್ನು ಹಿಗ್ಗಿಸಬಾರದೆಂಬುದು ಅವರ ಅಭಿಪ್ರಾಯವಾಗಿತ್ತು. ಗೇಣಿ, ಉತ್ತರಾಧಿಕಾರ ಮೊದಲಾದುವನ್ನು ಧರ್ಮದ ಹೆಸರಿನಲ್ಲಿ ಶಾಸನಕ್ಕೆ ಎಟುಕದಂತೆ ಮಾಡಬಾರದು ಎಂಬುದಷ್ಟೇ ಅಲ್ಲಿನ ಕಾಳಜಿ. ಅವರು ಎಳೆದ ಗೆರೆಯು ಧಾರ್ಮಿಕಕ್ಕೂ ಲೌಕಿಕಕ್ಕೂ ನಡುವೆ ಇತ್ತು. ಧರ್ಮದೊಳಗಿನ ಮುಖ್ಯಕ್ಕೂ ಗೌಣಕ್ಕೂ ನಡುವೆ ಅಲ್ಲ. ಈ ಸೂಕ್ಷ್ಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ.

ಎರಡನೆಯ ಮೂಲವು ಕನ್ನಡಿಗರಿಗೆ ಬಹು ಹತ್ತಿರದ್ದು. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥ ಸ್ವಾಮಿಗಳು 1919ರಲ್ಲಿ, ಇನ್ನೂ ಅಪ್ರಾಪ್ತ ವಯಸ್ಕರಾಗಿದ್ದಾಗಲೇ, ಪೀಠವನ್ನೇರಿದರು. 1926ರ ಸುಮಾರಿಗೆ ಅವರು ಆಡಳಿತವನ್ನು ಕೈಗೆ ತೆಗೆದುಕೊಂಡಾಗ ಮಠವು ಸಾಲದಲ್ಲಿತ್ತು. ನಾಲ್ಕೈದು ವರ್ಷಗಳಲ್ಲಿ ಸಾಲದ ಬಹುಭಾಗ ತೀರಿತು. ಆದರೆ 1931ರಲ್ಲಿ ಪರ್ಯಾಯದ ಸರದಿ ಬಂದಿತು. ಎರಡು ವರ್ಷಗಳ ಕಾಲ ಶ್ರೀಕೃಷ್ಣನ ಪೂಜೆಯನ್ನೂ ಬಂದವರೆಲ್ಲರ ಅನ್ನಸಂತರ್ಪಣೆಯನ್ನೂ ಹೊರಬೇಕಾದ ಪರ್ಯಾಯವೆಂದರೆ ಎಷ್ಟು ಖರ್ಚಿನ ಬಾಬು ಎಂಬುದನ್ನು ದಾಸೋಹ ನಡೆಸುವ ಯಾವ ಮಠದವರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1946ರಲ್ಲಿ ಎರಡನೆಯ ಪರ್ಯಾಯ ಬಂದಾಗ ಯುದ್ಧಾನಂತರದ ಅಭಾವ ಮತ್ತು ಬೆಲೆಯೇರಿಕೆಯ ಕಾಲ. ಸಾಲವು ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿಗೆ ಮುಟ್ಟಿತು.

ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿತ್ತು. ಅಲ್ಲಿನ ಹಿಂದೂ ಧಾರ್ಮಿಕ ದತ್ತಿ ಮಂಡಳಿಯು ನಡುವೆ ಪ್ರವೇಶಿಸಿ, ಸಮರ್ಥನಾದ ಒಬ್ಬ ವ್ಯವಸ್ಥಾಪಕನನ್ನು ನೇಮಿಸಬೇಕೆಂದು ಸ್ವಾಮಿಗಳಿಗೆ ಸೂಚಿಸಿತು. ಅದರಂತೆ 1948ರ ಡಿಸೆಂಬರಿನಲ್ಲಿ ಒಬ್ಬ ಏಜೆಂಟರಿಗೆ ಮುಖ್ತ್ಯಾರನಾಮೆ ಬರೆದುಕೊಡಲಾಯಿತು. ಏಜೆಂಟರು ಮಠದ ವ್ಯವಹಾರಗಳನ್ನೆಲ್ಲ ತಮ್ಮಿಚ್ಛೆಯಂತೆ ನಡೆಸಿ ತಮಗೆ ಲೆಕ್ಕವನ್ನು ಕೂಡ ಒಪ್ಪಿಸಲಿಲ್ಲವೆಂದು ಸ್ವಾಮಿಗಳ ದೂರು. 1950ರ ಸೆಪ್ಟೆಂಬರಿನಲ್ಲಿ ಅವರು ಮುಖ್ತ್ಯಾರಿಕೆಯನ್ನು ರದ್ದುಗೊಳಿಸಿದರು. ಏಜೆಂಟರು ದಾವೆ ಹೂಡಿದರು. ಮಂಡಳಿಯು ಮಠಕ್ಕೆ ಒಂದು ಆಡಳಿತ ಯೋಜನೆಯನ್ನೇ ರಚಿಸಲು ಹೊರಟಿತು. ಸ್ವಾಮಿಗಳು ಮದರಾಸಿನ ಉಚ್ಚ ನ್ಯಾಯಾಲಯವನ್ನು ಆಶ್ರಯಿಸಿದರು. ಅಷ್ಟರಲ್ಲಿ 1951ರ ಹೊಸ ದತ್ತಿ ಕಾಯಿದೆ ಜಾರಿಗೆ ಬಂದುದರಿಂದ ಅದರ ಸಿಂಧುತ್ವವೇ ವಿವಾದದ ಕೇಂದ್ರವಾಯಿತು. ಒಂದು ಮಠದ ಪರ್ಯಾಯದ ಸಾಲವು ಹೀಗೆ ಇಡೀ ದೇಶದ ಧಾರ್ಮಿಕ ಸ್ವಾತಂತ್ರ್ಯದ ಪ್ರಶ್ನೆಯಾಗಿ ಬೆಳೆದು 1954ರ ಮಾರ್ಚ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠದಿಂದ ಇತ್ಯರ್ಥವಾಯಿತು.

ತೀರ್ಪನ್ನು ಬರೆದವರು ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯಾ. ಅವರು ಸ್ವತಃ ದೊಡ್ಡ ವಿದ್ವಾಂಸರು. ಹಿಂದೂ ಧಾರ್ಮಿಕ ಮತ್ತು ಧರ್ಮಾರ್ಥ ದತ್ತಿಗಳ ಕಾನೂನನ್ನು ಕುರಿತು ಕಲ್ಕತ್ತೆಯಲ್ಲಿ ಅವರು ಕೊಟ್ಟ ಠಾಗೋರ್ ಉಪನ್ಯಾಸಗಳು ಗ್ರಂಥರೂಪದಲ್ಲಿ ಇಂದಿಗೂ ವಕೀಲರ ಮೇಜಿನ ಮೇಲಿರುತ್ತವೆ. ಮಠಾಧಿಪತಿಯು ಆಂಗ್ಲ ಕಾನೂನಿನ ಅರ್ಥದಲ್ಲಿ ಕೇವಲ ಧರ್ಮದರ್ಶಿಯಲ್ಲವೆಂದು ಪ್ರಿವಿ ಕೌನ್ಸಿಲು 1921ರಲ್ಲಿಯೇ ಹೇಳಿತ್ತು. ಮುಖರ್ಜಿಯಾ ಅವರು ಅದನ್ನು ಮುಂದುವರಿಸಿ, ಪೀಠಾಧಿಪತ್ಯದಲ್ಲಿ ಅಧಿಕಾರ ಮತ್ತು ಸ್ವತ್ತು, ಕರ್ತವ್ಯ ಮತ್ತು ಸ್ವಕೀಯ ಹಿತ ಬೇರ್ಪಡಿಸಲಾಗದಂತೆ ಬೆರೆತಿವೆಯೆಂದು ನಿರೂಪಿಸಿದರು. ಆದಕಾರಣ ಆಸ್ತಿಯ ಹಕ್ಕನ್ನು ಕೊಡುತ್ತಿದ್ದ 19ನೆಯ ಅನುಚ್ಛೇದದ ರಕ್ಷಣೆಯೂ ಮಠಾಧಿಪತಿಗೆ ದೊರೆಯಿತು. (ಆ ಉಪಖಂಡವನ್ನು 1978ರ 44ನೆಯ ತಿದ್ದುಪಡಿಯು ತೆಗೆದುಹಾಕಿತೆಂಬುದನ್ನು ಶೀರೂರು ತೀರ್ಪನ್ನು ಉದಾಹರಿಸುವವರು ಹಲವೊಮ್ಮೆ ಮರೆಯುತ್ತಾರೆ. ಅಂದಿನಿಂದ ಮಠಗಳ ವಾದದ ಭಾರವು ಬಹುಮಟ್ಟಿಗೆ 25 ಮತ್ತು 26ನೆಯ ಅನುಚ್ಛೇದಗಳ ಮೇಲೆಯೇ ಬಿದ್ದಿದೆ.)

ಧರ್ಮವೆಂದರೇನು ಎಂಬ ಪ್ರಶ್ನೆ ಬಂದಾಗ ಸರ್ಕಾರದ ಪರವಾಗಿ ಮಂಡಿಸಲಾದ ವಾದವು ಸರಳವಾಗಿತ್ತು: ನಂಬಿಕೆಗೆ ರಕ್ಷಣೆಯುಂಟು, ಅದರ ಸುತ್ತಣ ಲೌಕಿಕ ಕ್ರಿಯೆಗಳನ್ನು ಸರ್ಕಾರವು ನಿಯಂತ್ರಿಸಬಹುದು. ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಅಮೆರಿಕದ ಹಳೆಯ ತೀರ್ಪೊಂದರಲ್ಲಿದ್ದ ಸಂಕುಚಿತ ವ್ಯಾಖ್ಯೆಯನ್ನು ಬದಿಗಿರಿಸಿ, ಆಸ್ಟ್ರೇಲಿಯದ ಮುಖ್ಯ ನ್ಯಾಯಾಧೀಶ ಲೇಥಮ್ ಅವರು 1943ರಲ್ಲಿ ಆಡಿದ್ದ ಮಾತುಗಳ ಕಡೆಗೆ ಒಲಿಯಿತು. ದೇವರಿಗೆ ಇಂಥ ಹೊತ್ತಿನಲ್ಲಿ ಇಂಥ ನೈವೇದ್ಯ ಆಗಬೇಕೆಂದೋ ಇಂಥ ಹೋಮ ನಡೆಯಬೇಕೆಂದೋ ಒಂದು ಪಂಗಡದ ಸಿದ್ಧಾಂತವು ವಿಧಿಸಿದ್ದರೆ, ಅದಕ್ಕೆ ಹಣ ವ್ಯಯವಾಗುತ್ತದೆಂಬ ಮಾತ್ರಕ್ಕೆ ಅದು ಲೌಕಿಕವಾಗುವುದಿಲ್ಲ. ಯಾವುದು ಒಂದು ಧರ್ಮದ ಅತ್ಯವಶ್ಯಕ ಭಾಗವೆಂಬುದನ್ನು ಪ್ರಧಾನವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳಿಯಬೇಕು. ‘ಅತ್ಯವಶ್ಯಕ’ ಎಂಬ ಪದವು ತೀರ್ಪಿನೊಳಗೆ ಬಂದುದು ಹೀಗೆ. ಬಂದುದು ಪಂಗಡದ ಮಾತಿಗೆ ಬೆಲೆ ಕೊಡುವ ಸಲುವಾಗಿ.

ಅಧಿಕಾರಿಗಳು ಗರ್ಭಗುಡಿಯವರೆಗೂ ಯಾವಾಗ ಬೇಕಾದರೂ ಪ್ರವೇಶಿಸಬಹುದೆಂಬ ವಿಧಿ, ಶಿಷ್ಯರು ಗುರುವಿಗೆ ಅರ್ಪಿಸುವ ಪಾದಕಾಣಿಕೆಯ ಮೇಲಿನ ನಿರ್ಬಂಧ, ಮಠಕ್ಕೆ ಮೇನೇಜರನನ್ನು ಹೇರುವ ವಿಧಿ ಮೊದಲಾದುವು ಅನೂರ್ಜಿತವಾದುವು. ಮಠಗಳಿಂದ ವಸೂಲು ಮಾಡುತ್ತಿದ್ದ ವಾರ್ಷಿಕ ವಂತಿಗೆಯು ಸೇವೆಗೆ ಪ್ರತಿಯಾದ ಶುಲ್ಕವಲ್ಲ, ಕೇವಲ ತೆರಿಗೆ. ಅದನ್ನು ಹಾಕುವ ಅಧಿಕಾರ ರಾಜ್ಯ ಶಾಸನಸಭೆಗೆ ಇಲ್ಲವೆಂದಾಯಿತು. ಹಾಗೆಂದು ಕಾಯಿದೆಯೆಲ್ಲವೂ ಬಿದ್ದುಹೋಗಲಿಲ್ಲ. ಆಸ್ತಿಯ ಆಡಳಿತವನ್ನು ಕಾನೂನಿನ ಮೂಲಕ ನಿಯಂತ್ರಿಸಬಹುದು, ಆದರೆ ಆಡಳಿತದ ಹಕ್ಕನ್ನೇ ಪಂಗಡದಿಂದ ಪೂರ್ತಿಯಾಗಿ ಕಿತ್ತುಕೊಳ್ಳಲಾಗದು ಎಂಬ ವಿವೇಕದ ನಿಲುವು ಅದು.

ಇದಾದ ಮೂರೂವರೆ ವರ್ಷಗಳಲ್ಲಿ ಅದೇ ಕರಾವಳಿಯಿಂದ ಮತ್ತೊಂದು ಮೊಕದ್ದಮೆ ಹೋಯಿತು. ಮೂಲ್ಕಿ ಪೇಟೆಯ ವೆಂಕಟರಮಣ ದೇವಸ್ಥಾನವು ಗೌಡ ಸಾರಸ್ವತ ಬ್ರಾಹ್ಮಣರಿಗಾಗಿ ಸ್ಥಾಪಿತವಾದುದು. ಮದರಾಸಿನ ದೇವಾಲಯ ಪ್ರವೇಶ ಕಾಯಿದೆಯು ತಮಗೆ ಅನ್ವಯಿಸದೆಂದು ಅದರ ಧರ್ಮದರ್ಶಿಗಳು ವಾದಿಸಿದರು. 1957ರ ನವೆಂಬರಿನಲ್ಲಿ ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್ ಅವರು ಕೊಟ್ಟ ತೀರ್ಪಿನ ಹಾದಿಯು ಗಮನಾರ್ಹವಾದುದು. ಆಗಮಗಳನ್ನು ಪರಿಶೀಲಿಸಿ, ದೇವಾಲಯದೊಳಗೆ ಯಾರು ಪ್ರವೇಶಿಸಬೇಕೆಂಬುದು ಧರ್ಮದ ವಿಷಯವೇ ಹೌದೆಂದು ಅವರು ಒಪ್ಪಿದರು. ದೇವಸ್ಥಾನವು ಒಂದು ಪಂಗಡದ್ದೆಂಬುದನ್ನೂ ಒಪ್ಪಿದರು. ಹಾಗಿದ್ದರೂ, ಸಾರ್ವಜನಿಕ ಹಿಂದೂ ಸಂಸ್ಥೆಗಳನ್ನು ಎಲ್ಲರಿಗೂ ತೆರೆಯುವ ಸಂವಿಧಾನದ ಆಜ್ಞೆಯ ಮುಂದೆ ಆ ಹಕ್ಕು ತಲೆಬಾಗಬೇಕೆಂದರು. ಪಂಗಡದವರಿಗೇ ಮೀಸಲಾದ ಕೆಲವು ಸೇವೆಗಳ ವೇಳೆಯಲ್ಲಿ ಮಾತ್ರ ಇತರರನ್ನು ಹೊರಗಿಡುವ ಅವಕಾಶ ಉಳಿಯಿತು. ನಿಮ್ಮ ಆಚಾರವು ಧರ್ಮವಲ್ಲ, ಮೂಢನಂಬಿಕೆ ಎಂದು ಇಲ್ಲಿ ಯಾರೂ ಹೇಳಲಿಲ್ಲ. ನಿಮ್ಮ ಧರ್ಮವನ್ನು ಗೌರವಿಸುತ್ತೇವೆ, ಆದರೆ ಈ ಒಂದು ಎಡೆಯಲ್ಲಿ ಸಮಾನತೆ ಅದಕ್ಕಿಂತ ದೊಡ್ಡದು ಎಂಬುದೇ ಅದರ ತಾತ್ಪರ್ಯ.

ದಾರಿ ತಿರುಗಿದುದು ಇದರ ಮುಂದೆ. 1958ರಲ್ಲಿ ಬಿಹಾರದ ಗೋಹತ್ಯಾ ನಿಷೇಧದ ಮೊಕದ್ದಮೆಯಲ್ಲಿ ನ್ಯಾಯಾಲಯವು ಇಸ್ಲಾಮಿನ ಗ್ರಂಥಗಳನ್ನು ತಾನೇ ನೋಡಿ, ಬಕ್ರೀದಿನಂದು ಹಸುವಿನ ಬಲಿಯೇ ಆಗಬೇಕೆಂಬ ಕಡ್ಡಾಯವಿಲ್ಲವೆಂದು ತೀರ್ಮಾನಿಸಿತು. ಈ ಬಗ್ಗೆ ಯಾವ ಮೌಲಾನಾ ಅವರ ಪ್ರಮಾಣಪತ್ರವನ್ನೂ ಸಲ್ಲಿಸಿರಲಿಲ್ಲವೆಂದು ತೀರ್ಪಿನಲ್ಲಿ ಬರೆದಿದೆ. 1961ರಲ್ಲಿ ಅಜ್ಮೀರ್ ದರ್ಗಾದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಗಜೇಂದ್ರಗಡಕರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಧಾರ್ಮಿಕವೆನಿಸಿದ ಆಚರಣೆಗಳು ಕೂಡ ಮೂಢನಂಬಿಕೆಯಿಂದ ಹುಟ್ಟಿ ಧರ್ಮಕ್ಕೆ ಅಂಟಿಕೊಂಡ ಹೊರಗಿನ ಕಿಲುಬಾಗಿರಬಹುದು, ಅಂಥವನ್ನು ಜಾಗರೂಕತೆಯಿಂದ ಪರೀಕ್ಷಿಸಬೇಕು ಎಂಬ ಅಭಿಪ್ರಾಯ ಅವರದು. 1966ರಲ್ಲಿ ಗುಜರಾತಿನ ಸ್ವಾಮಿನಾರಾಯಣ ಸಂಪ್ರದಾಯದವರು ತಾವು ಹಿಂದೂಗಳಲ್ಲವೆಂದು ವಾದಿಸಿ ದೇವಾಲಯ ಪ್ರವೇಶ ಕಾಯಿದೆಯಿಂದ ಹೊರಗುಳಿಯಲು ಯತ್ನಿಸಿದಾಗ, ಅದೇ ಗಜೇಂದ್ರಗಡಕರರು ಹಿಂದೂ ಧರ್ಮದ ಲಕ್ಷಣಗಳನ್ನು ವಿಸ್ತಾರವಾಗಿ ನಿರೂಪಿಸಿ, ಆ ಪಂಥದವರಿಗೆ ತಮ್ಮ ಮೂಲಪುರುಷರ ಉಪದೇಶವೇ ಸರಿಯಾಗಿ ತಿಳಿದಿಲ್ಲವೆಂಬ ಅರ್ಥ ಬರುವಂತೆ ಬರೆದರು. ದಲಿತರಿಗೆ ಬಾಗಿಲು ತೆರೆದ ಆ ಫಲಿತಾಂಶವನ್ನು ಯಾವ ಸಹೃದಯನೂ ಅಲ್ಲಗಳೆಯಲಾರ. ಆದರೆ ಒಂದು ಪಂಥವು ತನ್ನನ್ನು ಏನೆಂದು ಕರೆದುಕೊಳ್ಳಬೇಕೆಂಬುದನ್ನು ನಿರ್ಧರಿಸುವವರು ಯಾರೆಂಬ ಪ್ರಶ್ನೆಯು ಅಲ್ಲಿಗೆ ಮುಗಿಯಲಿಲ್ಲ. ಕನ್ನಡ ನಾಡಿನ ಓದುಗರಿಗೆ ಆ ಪ್ರಶ್ನೆ ಅಪರಿಚಿತವಾದುದೂ ಅಲ್ಲ.

ವಿದ್ವಾಂಸರು ಈ ತಿರುವನ್ನು ಬೇಗನೆ ಗುರುತಿಸಿದರು. ಲಂಡನ್ನಿನ ಪ್ರಾಧ್ಯಾಪಕ ಡಂಕನ್ ಡೆರೆಟ್ ಅವರು 1968ರಲ್ಲಿ ಪ್ರಕಟಿಸಿದ, ಭಾರತದಲ್ಲಿ ಧರ್ಮ, ಕಾನೂನು ಮತ್ತು ರಾಜ್ಯಗಳ ಸಂಬಂಧವನ್ನು ಕುರಿತ ಗ್ರಂಥದಲ್ಲಿ, ನ್ಯಾಯಾಲಯವು ಅನವಶ್ಯಕವೆಂದು ಬದಿಗೆ ಸರಿಸಿದ ಆಚರಣೆಗೆ ಯಾವ ರಕ್ಷಣೆಯೂ ಉಳಿಯದೆಂಬ ಅಪಾಯವನ್ನು ತೋರಿಸಿಕೊಟ್ಟರು. ಇದೇ ಡೆರೆಟ್ ಅವರು ಅದಕ್ಕೆ ಹನ್ನೊಂದು ವರ್ಷ ಮೊದಲು ಹೊಯ್ಸಳರ ಇತಿಹಾಸವನ್ನು ಬರೆದು ಕರ್ನಾಟಕದ ಇತಿಹಾಸಕಾರರಿಗೆ ಪರಿಚಿತರಾಗಿದ್ದವರು. ಶಾಸನಗಳಲ್ಲಿ ದತ್ತಿಗಳ ಜೀವಂತ ರೂಪವನ್ನು ಕಂಡವರಿಗೆ ಪುಸ್ತಕದ ಧರ್ಮಕ್ಕೂ ನಡೆಯುವ ಧರ್ಮಕ್ಕೂ ಇರುವ ಅಂತರವು ಬೇಗ ಹೊಳೆದುದರಲ್ಲಿ ಆಶ್ಚರ್ಯವಿಲ್ಲ.

ಈ ಚರ್ಚೆಗೆ ಬಹು ಉಪಯುಕ್ತವಾದ ಒಂದು ವಿಂಗಡಣೆಯನ್ನು ಒದಗಿಸಿದವರು ಅಮೆರಿಕದ ಮಾರ್ಕ್ ಗ್ಯಾಲಂಟರ್. 1971ರ ಲೇಖನದಲ್ಲಿ ಅವರು, ರಾಜ್ಯವು ಧರ್ಮದೊಡನೆ ವ್ಯವಹರಿಸುವ ಎರಡು ಬಗೆಗಳನ್ನು ಬೇರ್ಪಡಿಸಿದರು. ಮೊದಲನೆಯದು ಮಿತಿಯ ಮಾರ್ಗ. ಇದು ನಿಮ್ಮ ಧರ್ಮವಾಗಿರಬಹುದು, ಆದರೂ ಸಾರ್ವಜನಿಕ ಹಿತಕ್ಕಾಗಿ ಇದಕ್ಕೆ ಇಷ್ಟು ಎಲ್ಲೆಯುಂಟು ಎಂದು ಹೊರಗಿನಿಂದ ಹೇಳುವುದು. ಎರಡನೆಯದು ಹಸ್ತಕ್ಷೇಪದ ಮಾರ್ಗ. ಧರ್ಮದ ಒಳಹೊಕ್ಕು, ಅದರ ಅಧಿಕಾರವಾಣಿಯಿಂದಲೇ ಮಾತನಾಡಿ, ಇದು ನಿಮ್ಮ ನಿಜವಾದ ಧರ್ಮವೇ ಅಲ್ಲ ಎಂದು ತಿದ್ದುವುದು. ಮೂಲ್ಕಿಯ ತೀರ್ಪು ಮೊದಲನೆಯದಕ್ಕೆ ಹತ್ತಿರ. ಸ್ವಾಮಿನಾರಾಯಣ ಪಂಥದ ತೀರ್ಪು ಎರಡನೆಯದಕ್ಕೆ ಸ್ಪಷ್ಟ ನಿದರ್ಶನ. ಎರಡರ ಫಲವೂ ಬಾಗಿಲು ತೆರೆದುದೇ. ಆದರೆ ಒಂದರಲ್ಲಿ ಭಕ್ತನು ಸೋತು ಹೊರಬಂದನು, ಇನ್ನೊಂದರಲ್ಲಿ ತನ್ನ ಧರ್ಮ ತನಗೇ ತಿಳಿಯದೆಂಬ ತೀರ್ಪನ್ನು ಹೊತ್ತು ಬಂದನು. ಈ ಭೇದವು ಸಣ್ಣದಲ್ಲ.

ಮುಂದಿನ ವಿದ್ವಾಂಸರಲ್ಲಿ ರಾಜೀವ್ ಧವನ್ ಅವರು ಫಾಲಿ ನಾರಿಮನ್ ಅವರೊಡನೆ ಬರೆದ ಪ್ರಬಂಧದಲ್ಲಿ, ಮೌಲ್ವಿಗಳಿಗೂ ಧರ್ಮಶಾಸ್ತ್ರಿಗಳಿಗೂ ಇಲ್ಲದಂಥ ಅಧಿಕಾರವನ್ನು ನ್ಯಾಯಾಧೀಶರು ವಹಿಸಿಕೊಂಡರೆಂದು ಕಟುವಾಗಿ ಟೀಕಿಸಿದರು. 2017ರಲ್ಲಿ ಫೈಜಾನ್ ಮುಸ್ತಫಾ ಮತ್ತು ಅವರ ಸಹಲೇಖಕರು ನ್ಯಾಯಾಲಯವು ಪುರೋಹಿತ ವರ್ಗದ ಪಾತ್ರವನ್ನು ವಹಿಸುತ್ತಿದೆಯೆಂಬುದನ್ನು ತಮ್ಮ ಲೇಖನದ ತಲೆಬರಹದಲ್ಲಿಯೇ ಸೂಚಿಸಿದರು. ರೊಣಜಯ್ ಸೇನ್ ಅವರ 2010ರ ಗ್ರಂಥವು ಬೇರೊಂದು ಮುಖವನ್ನು ತೋರಿಸುತ್ತದೆ. ನ್ಯಾಯಾಲಯದ ಮನಸ್ಸಿನಲ್ಲಿದ್ದ ಹಿಂದೂ ಧರ್ಮವು ರಾಧಾಕೃಷ್ಣನ್ ಮೊದಲಾದ ಚಿಂತಕರು ನಿರೂಪಿಸಿದ, ತತ್ತ್ವಪ್ರಧಾನವಾದ ಧರ್ಮ. ಅದನ್ನು ಅಳತೆಯಾಗಿಟ್ಟುಕೊಂಡಾಗ ಜನಸಾಮಾನ್ಯರ ಜಾತ್ರೆ, ಹರಕೆ, ಪರಂಪರೆಯ ಆಚಾರಗಳು ತೂಕದಲ್ಲಿ ಕಡಮೆಯಾಗಿ ಕಾಣುವುದು ಸಹಜ. ಗ್ರಂಥವುಳ್ಳ ಧರ್ಮಕ್ಕೆ ಸಾಕ್ಷಿಯಿದೆ; ಬಾಯಿಂದ ಬಾಯಿಗೆ, ಗುರುವಿನಿಂದ ಶಿಷ್ಯನಿಗೆ ಬಂದ ಧರ್ಮಕ್ಕೆ ಸಾಕ್ಷಿ ಎಲ್ಲಿಂದ ತರಬೇಕು?

ಇದರ ಪರಿಣಾಮವನ್ನು ಎರಡು ನಿದರ್ಶನಗಳಲ್ಲಿ ಕಾಣಬಹುದು. 1955ರಲ್ಲಿ ಸ್ಥಾಪಿತವಾದ ಆನಂದಮಾರ್ಗವು ಕಲ್ಕತ್ತೆಯ ಬೀದಿಗಳಲ್ಲಿ ತಾಂಡವ ನೃತ್ಯದ ಮೆರವಣಿಗೆಗೆ ಅನುಮತಿ ಕೇಳಿತು. ಆ ನೃತ್ಯವು ಪಂಥದೊಳಗೆ ಬಂದುದು 1966ರಲ್ಲಿ. ಅದಿಲ್ಲದೆಯೂ ಪಂಥವು ಇದ್ದಿತಾದುದರಿಂದ ಅದು ಅತ್ಯವಶ್ಯಕವಲ್ಲವೆಂದು 1983ರಲ್ಲಿ ತೀರ್ಪಾಯಿತು. ಆಮೇಲೆ ಪಂಥದ ಆಚಾರಗ್ರಂಥದಲ್ಲಿಯೇ ತಾಂಡವವನ್ನು ವಿಧಿಸಲಾಯಿತು. 2004ರಲ್ಲಿ ನ್ಯಾಯಾಲಯದ ಬಹುಮತವು ಅದನ್ನೂ ಒಪ್ಪದೆ, ಧರ್ಮದ ಸಾರವು ಹೊಸದಾಗಿ ಸೇರುವಂಥದಲ್ಲವೆಂದಿತು. ಬೀದಿಯಲ್ಲಿ ಕತ್ತಿ, ತಲೆಬುರುಡೆ ಹಿಡಿದು ಕುಣಿಯುವುದನ್ನು ಸುವ್ಯವಸ್ಥೆಯ ದೃಷ್ಟಿಯಿಂದ ತಡೆಯಬಹುದಾಗಿತ್ತು. ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಆದರೆ ಪಂಥದ ಪ್ರವರ್ತಕನೇ ಬದುಕಿರುವಾಗ ಅವನ ಉಪದೇಶದಲ್ಲಿ ಮೊದಲು ಬಂದುದಷ್ಟೇ ಸಾರ, ನಂತರ ಬಂದುದು ಕೇವಲ ಸೇರ್ಪಡೆ ಎನ್ನುವ ಅಳತೆಯನ್ನು ಎಲ್ಲ ಧರ್ಮಗಳಿಗೂ ಅನ್ವಯಿಸಿದರೆ ಏನಾದೀತು? ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯಲ್ಲಿ ಕಾಯಕಕ್ಕೂ ದಾಸೋಹಕ್ಕೂ ಬಂದ ಅರ್ಥಸಂಪತ್ತನ್ನು ಇದೇ ಕೋಲಿನಿಂದ ಅಳೆದಿದ್ದರೆ ಉಳಿಯುತ್ತಿದ್ದುದು ಎಷ್ಟು?

ಎರಡನೆಯದು ಜೈನರದು. 2015ರ ಆಗಸ್ಟ್ ತಿಂಗಳಿನಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವು ಜೈನಧರ್ಮಕ್ಕೆ ಅತ್ಯವಶ್ಯಕವೆಂದು ಸಿದ್ಧಪಟ್ಟಿಲ್ಲವೆಂದು ಹೇಳಿ ಅದನ್ನು ಆತ್ಮಹತ್ಯೆಯ ವರ್ಗಕ್ಕೆ ಸೇರಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಶ್ರವಣಬೆಳಗೊಳದ ಚಿಕ್ಕಬೆಟ್ಟವನ್ನು ಹತ್ತಿದವರಿಗೆ ಸಲ್ಲೇಖನವು ಎಷ್ಟು ಹಳೆಯದೆಂದು ಹೇಳಬೇಕಾದುದಿಲ್ಲ. ಬಂಡೆಗಳ ಮೇಲಿನ ಶಾಸನಗಳೇ ಸಾಕ್ಷಿ. ಆದರೆ ಅದು ಎಲ್ಲ ಜೈನರಿಗೂ ಕಡ್ಡಾಯವಲ್ಲ, ಕೆಲವರು ಮಾತ್ರ ಏರುವ ಎತ್ತರ. ಕಡ್ಡಾಯವಾದುದು ಮಾತ್ರ ಅತ್ಯವಶ್ಯಕವೆಂದರೆ ಪ್ರತಿ ಧರ್ಮದಲ್ಲಿಯೂ ಅತ್ಯುನ್ನತವೆನಿಸಿದುದೇ ರಕ್ಷಣೆಯಿಂದ ಹೊರಬೀಳುತ್ತದೆ. ಸಂನ್ಯಾಸವು ಯಾವ ಧರ್ಮದಲ್ಲಿ ಎಲ್ಲರಿಗೂ ಕಡ್ಡಾಯ?

ಇಷ್ಟು ಹೇಳಿದ ಮೇಲೆ ಪ್ರಶ್ನೆಯ ಇನ್ನೊಂದು ಬದಿಯನ್ನು ಮರೆಮಾಚುವುದು ಪ್ರಾಮಾಣಿಕತೆಯಾಗದು. ಪಂಗಡದ ಮಾತೇ ಕೊನೆಯ ಮಾತಾದರೆ ಪಂಗಡದೊಳಗಿನ ದುರ್ಬಲನ ಗತಿಯೇನು? 1949ರ ಮುಂಬಯಿ ಕಾಯಿದೆಯೊಂದು ಧರ್ಮಗುರುಗಳು ಬಹಿಷ್ಕಾರ ಹಾಕುವುದನ್ನು ನಿಷೇಧಿಸಿತ್ತು. ದಾವೂದಿ ಬೊಹ್ರಾ ಪಂಗಡದ ಧರ್ಮಗುರುಗಳು ಅದನ್ನು ಪ್ರಶ್ನಿಸಿದರು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಹುಮತದಿಂದ ಆ ಕಾಯಿದೆಯನ್ನು ರದ್ದುಪಡಿಸಿತು. ಪಂಗಡದ ಐಕ್ಯವನ್ನು ಕಾಯಲು ಧಾರ್ಮಿಕ ಕಾರಣದ ಬಹಿಷ್ಕಾರವು ಅವಶ್ಯವೆಂಬುದು ಅದರ ನೆಲೆ. ಮುಖ್ಯ ನ್ಯಾಯಮೂರ್ತಿ ಸಿನ್ಹಾ ಒಬ್ಬರೇ ಭಿನ್ನಮತ ಬರೆದರು. ಬಹಿಷ್ಕೃತನಿಗೆ ಪ್ರಾರ್ಥನಾಮಂದಿರವೂ ಇಲ್ಲ, ಸತ್ತರೆ ಹೂಳಲು ಜಾಗವೂ ಇಲ್ಲ. ಮನುಷ್ಯನನ್ನು ಅಸ್ಪೃಶ್ಯನನ್ನಾಗಿ ಮಾಡುವ ಇಂಥ ಅಧಿಕಾರವನ್ನು ಸಂವಿಧಾನವು ಕಾಪಾಡಲಾರದೆಂಬುದು ಅವರ ಆಶಯ.

ಅರವತ್ತು ವರ್ಷಗಳ ಈಚೆಗೆ ಈ ಭಿನ್ನಮತಕ್ಕೆ ಮರುಜೀವ ಬಂದುದು ವಿದ್ವಾಂಸರಿಂದ. ಗೌತಮ್ ಭಾಟಿಯಾ ಅವರು ತಮ್ಮ ಬರೆಹಗಳಲ್ಲಿ ಎರಡು ಕೆಲಸಗಳನ್ನು ಮಾಡಿದರು. ಸ್ವಭಾವತಃ ಧಾರ್ಮಿಕವಾದುದು ಎಂಬ ಅಂಬೇಡ್ಕರರ ಮಾತು ಧರ್ಮಕ್ಕೆ ಅತ್ಯವಶ್ಯಕವಾದುದು ಎಂದು ತೀರ್ಪುಗಳಲ್ಲಿ ಹೇಗೆ ಮೆಲ್ಲಗೆ ಮಾರ್ಪಟ್ಟಿತೆಂಬುದನ್ನು ತೋರಿಸಿಕೊಟ್ಟದ್ದು ಒಂದು. ಧಾರ್ಮಿಕವೆಂದು ಭಕ್ತರು ಹೇಳಿದುದನ್ನು ಒಪ್ಪಿಕೊಂಡು, ಅದು ಮನುಷ್ಯರನ್ನು ಮೂಲಭೂತ ಸೌಲಭ್ಯಗಳಿಂದಲೂ ಗೌರವದಿಂದಲೂ ಹೊರಗಿಡುತ್ತದೆಯೇ ಎಂದು ಮಾತ್ರ ನ್ಯಾಯಾಲಯವು ನೋಡಬೇಕೆಂದು ಸಿನ್ಹಾ ಅವರ ಭಿನ್ನಮತದ ಆಧಾರದ ಮೇಲೆ ಸೂಚಿಸಿದ್ದು ಇನ್ನೊಂದು. 2018ರ ಸೆಪ್ಟೆಂಬರ್ 28ರ ಶಬರಿಮಲೆ ತೀರ್ಪಿನಲ್ಲಿ ನ್ಯಾಯಮೂರ್ತಿ ಚಂದ್ರಚೂಡರು ಇದೇ ಜಾಡಿನಲ್ಲಿ ಬರೆದರು. ಅದೇ ತೀರ್ಪಿನಲ್ಲಿ ಒಬ್ಬರೇ ಭಿನ್ನಮತ ಬರೆದ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಅವರು, ಬಹುಧರ್ಮಗಳ ಸಮಾಜದಲ್ಲಿ ಭಕ್ತರ ನಂಬಿಕೆಯನ್ನು ನ್ಯಾಯಾಲಯವು ತರ್ಕದಿಂದ ಅಳೆಯಬಾರದೆಂದರು. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾದ ಈ ಎರಡು ಅಭಿಪ್ರಾಯಗಳಿಗೂ ಒಂದು ಸಮಾನ ನೆಲೆಯುಂಟು. ಅತ್ಯವಶ್ಯಕವೇ ಅಲ್ಲವೇ ಎಂದು ತೂಗುವ ಕೆಲಸವು ನ್ಯಾಯಪೀಠದ್ದಲ್ಲ ಎಂಬ ಅತೃಪ್ತಿ ಇಬ್ಬರಲ್ಲಿಯೂ ಕಾಣುತ್ತದೆ.

ಹೊರಗಿಡುವಿಕೆಯ ಪರೀಕ್ಷೆಯು ದೋಷರಹಿತವೆಂದಲ್ಲ. ದೀಕ್ಷೆ ಪಡೆದವನಿಗೆ ಮಾತ್ರ ಸಲ್ಲುವ ಅಧಿಕಾರವು ಪಡೆಯದವನನ್ನು ಹೊರಗಿಟ್ಟಂತೆಯೇ? ಪೂಜೆಯ ಅಧಿಕಾರಭೇದವೆಲ್ಲವೂ ಅಗೌರವವೇ? ಇಂಥ ಪ್ರಶ್ನೆಗಳಿಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಆದರೂ ಶೀರೂರು ಮತ್ತು ಮೂಲ್ಕಿಯ ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಿದರೆ ತಿಳಿಯಾದ ಒಂದು ದಾರಿ ಕಾಣುತ್ತದೆ: ಧರ್ಮವೇನೆಂಬುದನ್ನು ಭಕ್ತರ ಬಾಯಿಂದ ಕೇಳುವುದು, ಅದು ಎಲ್ಲಿ ತಡೆಯಬೇಕೆಂಬುದನ್ನು ಸಂವಿಧಾನದಿಂದ ಓದುವುದು. ಈ ದಾರಿ ಮಠಗಳಿಗೆ ಸುಖದ ದಾರಿಯೇನೂ ಅಲ್ಲ. ಮಠವು ಹೇಳಿದುದನ್ನು ನ್ಯಾಯಾಲಯವು ನಂಬುತ್ತದೆಯೆಂದಾದರೆ, ಹೇಳಿದುದಕ್ಕೆ ಮಠವು ಉತ್ತರ ಕೊಡಬೇಕಾಗುತ್ತದೆ. ಇದು ನಮ್ಮ ಧರ್ಮವೇ ಅಲ್ಲವೆಂದು ಜಾರಿಕೊಳ್ಳಲು ಬರುವುದಿಲ್ಲ. ಕರ್ನಾಟಕದ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮವು ಮಠಗಳನ್ನೂ ಅವುಗಳಿಗೆ ಸೇರಿದ ದೇವಾಲಯಗಳನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆ ವಿಶ್ವಾಸದ ಹಿಂದೆ ಶೀರೂರು ತೀರ್ಪಿನ ನೆರಳಿದೆ.

ಈ ಸಂವಾದವು ನ್ಯಾಯಾಲಯವನ್ನು ಮುಟ್ಟಿದೆಯೆಂಬುದಕ್ಕೆ ದಾಖಲೆಯಿದೆ. ಶಬರಿಮಲೆಯ ಪುನರ್ವಿಮರ್ಶೆಯ ಅರ್ಜಿಗಳ ಮೇಲೆ 2019ರ ನವೆಂಬರ್ 14ರಂದು ಬಂದ ಬಹುಮತದ ಆದೇಶವು, ಏಳು ನ್ಯಾಯಮೂರ್ತಿಗಳ ಶೀರೂರು ತೀರ್ಪಿಗೂ ಐವರ ಅಜ್ಮೀರ್ ದರ್ಗಾ ತೀರ್ಪಿಗೂ ವಿರೋಧವಿರುವಂತೆ ಕಾಣುತ್ತದೆಂದು ಹೆಸರಿಸಿಯೇ ಹೇಳಿ, ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. 2020ರ ಫೆಬ್ರವರಿಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಏಳು ಪ್ರಶ್ನೆಗಳನ್ನು ರೂಪಿಸಿತು. 2023ರ ಫೆಬ್ರವರಿಯಲ್ಲಿ ಬೊಹ್ರಾ ಬಹಿಷ್ಕಾರದ ವಿಷಯವನ್ನೂ ಅಷ್ಟೇ ದೊಡ್ಡ ಪೀಠಕ್ಕೆ ಕಳಿಸಲಾಯಿತು.

ಆ ಏಳು ಪ್ರಶ್ನೆಗಳಲ್ಲಿ ಕೊನೆಯದು ಹೀಗಿದೆ: ಒಂದು ಧಾರ್ಮಿಕ ಪಂಗಡಕ್ಕೆ ಸೇರದವನು ಆ ಪಂಗಡದ ಆಚರಣೆಯನ್ನು ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯ ಮೂಲಕ ಪ್ರಶ್ನಿಸಬಹುದೇ? ಶೀರೂರಿನಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವರು ಪರ್ಯಾಯದ ಸಾಲವನ್ನು ಹೊತ್ತ ಸ್ವಾಮಿಗಳೇ. ಬೊಹ್ರಾ ಮೊಕದ್ದಮೆಯಲ್ಲಿ 1986ರಿಂದ ಅರ್ಜಿದಾರರಾಗಿ ನಿಂತವರು ಆ ಪಂಗಡದೊಳಗಿನ ಸುಧಾರಕರು. 2006ರಲ್ಲಿ ಶಬರಿಮಲೆಯ ಅರ್ಜಿಯನ್ನು ಹಾಕಿದುದು ಯುವ ವಕೀಲರ ಒಂದು ಸಂಘ.